ಹೊಂಡದ ಮೀನು ಸೊರಗುತ್ತಿದೆಯೇ? ಮೊದಲು ನೀರಿನ ಹಸಿರು ನೋಡಿ

2014ರಲ್ಲಿ ಕೃಷಿ ಭಾಗ್ಯ ಯೋಜನೆ ಬಂದ ಮೇಲೆ ನಮ್ಮ ಧಾರವಾಡ, ಗದಗ, ಹಾವೇರಿ ಕಡೆ ಹೊಲದ ಮೂಲೆಯಲ್ಲಿ ಹೊಂಡ ಕಾಣುವುದು ಸಾಮಾನ್ಯವಾಗಿದೆ. ನೀರು ಸುಮ್ನೆ ನಿಂತಿದೆಯಲ್ಲ ಅಂತ ಅದರಲ್ಲಿ ಕಾಟ್ಲಾ, ರೋಹು, ಮೃಗಾಲ್ ಮರಿ ಬಿಡುವವರೂ ಇದ್ದಾರೆ. ಮರಿ ಬಿಟ್ಟು ಮೂರ್ನಾಲ್ಕು ತಿಂಗಳಿಗೆ ಪ್ರಶ್ನೆ ಶುರು: "ಮೀನ ಬೆಳೀವಲ್ವು ಸರ್ರ, ಏನರ ಔಷಧ ಐತೇನ್ರಿ?"

ಔಷಧದ ಮಾತು ಆಮೇಲೆ. ಹೊಂಡದ ಮೀನು ಸೊರಗಿದರೆ ಬಹಳ ಸಲ ದೋಷ ಮೀನಿನಲ್ಲಿ ಇರುವುದಿಲ್ಲ, ಅದರ ಊಟದ ಬುಡದಲ್ಲಿ ಇರುತ್ತದೆ. ಬಿಸಿಲು ಹಿಡಿದು ಆಹಾರ ಮಾಡುವುದು ನೀರಲ್ಲಿ ತೇಲುವ ಕಣ್ಣಿಗೆ ಕಾಣದ ಪಾಚಿ. ನೀರಿಗೆ ಹಸಿರು ಬಣ್ಣ ಬರುವುದು ಅದರಿಂದಲೇ. ಆ ಪಾಚಿಯನ್ನು ನೀರಚಿಗಟದಂಥ ಸಣ್ಣ ಹುಳುಗಳು ತಿನ್ನುತ್ತವೆ. ಹುಳುಗಳನ್ನು ಕಾಟ್ಲಾ ತಿನ್ನುತ್ತದೆ. ರೋಹು ನಡುನೀರಿನಲ್ಲಿ ಪಾಚಿಯನ್ನೂ ಕೊಳೆತ ಎಲೆಕಡ್ಡಿಯನ್ನೂ ತಿನ್ನುತ್ತದೆ. ಮೃಗಾಲ್ ತಳಕ್ಕೆ ಬಿದ್ದದ್ದನ್ನು ಮೇಯುತ್ತದೆ. ಒಂದು ಹಂತದಿಂದ ಮುಂದಿನ ಹಂತಕ್ಕೆ ದಾಟುವುದು ಸುಮಾರು ಹತ್ತನೇ ಒಂದು ಪಾಲು ಅಷ್ಟೇ. 100 ಕಿಲೋ ಪಾಚಿಗೆ 10 ಕಿಲೋ ಹುಳು, 10 ಕಿಲೋ ಹುಳುವಿಗೆ 1 ಕಿಲೋ ಕಾಟ್ಲಾ ಅಂತ ಒರಟು ಲೆಕ್ಕ ಇಟ್ಟುಕೊಳ್ಳಿ. ಬುಡದಲ್ಲಿ ಸ್ವಲ್ಪ ಕಡಿಮೆಯಾದರೂ ಮೇಲಿನವರಿಗೆ ದೊಡ್ಡ ಪೆಟ್ಟು.

ಇನ್ನೊಂದು ಮಾತು ತಲೆಯಲ್ಲಿರಲಿ. ಪಾಚಿಯ ಆಯಸ್ಸು ದಿನಗಳದ್ದು, ಹುಳುವಿನದು ವಾರಗಳದ್ದು, ಮೀನಿನದು ವರ್ಷಗಳದ್ದು. ಇವತ್ತು ಪಾಚಿ ಕಡಿಮೆ ಆದರೆ ಮೀನಿನ ತೂಕದಲ್ಲಿ ಅದು ಗೊತ್ತಾಗುವುದು ತಿಂಗಳು ಕಳೆದ ಮೇಲೆ. ಮೀನು ನೋಡಿ ರೋಗ ಹುಡುಕಲು ಹೊರಟವರು ಅಷ್ಟರಲ್ಲಿ ಬಹಳ ದೂರ ಬಂದಿರುತ್ತಾರೆ. ಆದ್ದರಿಂದ ಕೆಳಗಿನ ತಪಾಸಣೆಗಳೆಲ್ಲ ನೀರಿನಿಂದಲೇ ಶುರುವಾಗುತ್ತವೆ. ಖರ್ಚಿಲ್ಲದ್ದು ಮೊದಲು, ದುಡ್ಡು ಬೇಡುವುದು ಕೊನೆಗೆ.

ಹೊಂಡದ ಹತ್ತಿರ ಹೋಗುವ ಮೊದಲು

ಪ್ಲಾಸ್ಟಿಕ್ ಹಾಸಿದ ಹೊಂಡದ ದಂಡೆ ಒದ್ದೆಯಾದರೆ ಕಾಲು ನಿಲ್ಲುವುದಿಲ್ಲ. ಈಜು ಬರುವವರೂ ಹತ್ತಿ ಬರಲಾಗದೆ ಸತ್ತಿದ್ದಾರೆ. ನಾಲ್ಕೂ ಮೂಲೆಗೆ ಗಂಟು ಹಾಕಿದ ಹಗ್ಗ ಇಳಿಬಿಟ್ಟಿರಿ, ಒಂದು ಗಾಳಿ ತುಂಬಿದ ಲಾರಿ ಟ್ಯೂಬ್ ಕಟ್ಟಿಡಿ, ಸುತ್ತ ಬೇಲಿ ಇರಲಿ. ಒಬ್ಬರೇ ಇಳಿಯಬೇಡಿ. ಬೆಳಗಿನ ಜಾವದ ತಪಾಸಣೆಗೆ ಮನೆಯವರೊಬ್ಬರನ್ನು ಕರೆದುಕೊಂಡೇ ಹೋಗಿ. ಮೋಟಾರು ಚಾಲೂ ಇದ್ದಾಗ ನೀರಿಗೆ ಕೈ ಹಾಕುವುದು ಬೇಡವೇ ಬೇಡ, ಮೊದಲು ಮೇನ್ ಸ್ವಿಚ್ ತೆಗೆಯಿರಿ.

ಎಲ್ಲ ಲಕ್ಷಣಕ್ಕೂ ಮೊದಲ ತಪಾಸಣೆ: ಮೊಳಕೈ ಮತ್ತು ಗಾಜಿನ ಲೋಟ

ಬಿಸಿಲಿರುವ ದಿನ, ಬೆಳಿಗ್ಗೆ 10ರಿಂದ 12ರ ಒಳಗೆ, ಮೆಟ್ಟಿಲಿನ ಮೇಲೆ ಗಟ್ಟಿಯಾಗಿ ಕೂತು ಕೈಯನ್ನು ನೇರವಾಗಿ ನೀರಿಗೆ ಇಳಿಸಿ. ನೀರು ಮೊಳಕೈಗೆ ಬಂದಾಗ ಅಂಗೈ ಆಗತಾನೆ ಮಸುಕಾಗಿ ಮಾಯವಾದರೆ ನೀರು ಹದವಾಗಿದೆ. ಮೊಳಕೈ ಮುಳುಗಿದರೂ ಬೆರಳಿನ ಗೆಣ್ಣು ಎಣಿಸಬಹುದಾದರೆ ಪಾಚಿ ಕಡಿಮೆ. ಮಣಿಕಟ್ಟು ಮುಳುಗುವಷ್ಟರಲ್ಲೇ ಅಂಗೈ ಕಾಣದಿದ್ದರೆ ಪಾಚಿ ವಿಪರೀತ.

ಮೆಟ್ಟಿಲಿಲ್ಲದ ಹೊಂಡವಾದರೆ ಬಗ್ಗಬೇಡಿ. ಡಬ್ಬಿಯ ಮುಚ್ಚಳವೊಂದಕ್ಕೆ ಕಪ್ಪು ಬಿಳುಪು ಪಟ್ಟಿ ಬಳಿದು, ಸೆಂಟಿಮೀಟರ್ ಗುರುತು ಹಾಕಿದ ಉದ್ದ ಕೋಲಿನ ತುದಿಗೆ ಅಡ್ಡಲಾಗಿ ಮೊಳೆ ಹೊಡೆದು ಇಳಿಸಿ. 25ರಿಂದ 40 ಸೆಂಟಿಮೀಟರಿನ ನಡುವೆ ಮುಚ್ಚಳ ಮಾಯವಾದರೆ ಒಳ್ಳೆಯದು.

ಆಮೇಲೆ ಗಾಜಿನ ಲೋಟ. ಬೆಳಗಿನ ಹೊತ್ತು ಒಂದು ಲೋಟ ಹೊಂಡದ ನೀರು ತುಂಬಿ ಸೂರ್ಯನ ಕಡೆ ಹಿಡಿಯಿರಿ. ಎರಡು ನಿಮಿಷ ಅಲುಗಾಡಿಸದೆ ನೋಡಿ. ನೀರು ತಿಳಿಹಸಿರಾಗಿದ್ದು, ಅಲ್ಲಲ್ಲಿ ಬಿಳಿ ಚುಕ್ಕೆಗಳು ಕುಪ್ಪಳಿಸುತ್ತಿದ್ದರೆ ಪಾಚಿಯೂ ಇದೆ, ಹುಳುವೂ ಇದೆ. ಹಸಿರಿದ್ದು ಚುಕ್ಕೆ ಒಂದೂ ಇಲ್ಲದಿದ್ದರೆ ನಡುವಿನ ಕೊಂಡಿ ತಪ್ಪಿದೆ. ಚುಕ್ಕೆಗಳೇ ತುಂಬಿ ನೀರು ಬೆಳ್ಳಗಿದ್ದರೆ ತಿನ್ನುವವರು ಜಾಸ್ತಿ, ಊಟ ಕಡಿಮೆ. ಎರಡೂ ಇಲ್ಲದಿದ್ದರೆ ಬುಡವೇ ಖಾಲಿ. ಮಣ್ಣಿನ ಬಣ್ಣ ಕಂಡರೆ ನೇರ ರಾಡಿ ನೀರಿನ ಭಾಗಕ್ಕೆ ಹೋಗಿ.

ಈ ಎರಡು ತಪಾಸಣೆಯನ್ನು ವಾರಕ್ಕೊಮ್ಮೆ ಮಾಡಿ, ಕ್ಯಾಲೆಂಡರಿನಲ್ಲಿ ಬರೆದಿಡುವವರಿಗೆ ಮುಂದಿನ ಅರ್ಧ ಕೈಪಿಡಿ ಬೇಕಾಗುವುದಿಲ್ಲ ಅನ್ನುವುದು ನನ್ನ ಅನಿಸಿಕೆ.

ಲಕ್ಷಣ: ನೀರು ತಳ ಕಾಣುವಷ್ಟು ತಿಳಿ, ಮೀನಿಗೆ ತಲೆ ದಪ್ಪ, ಮೈ ಸಣ್ಣ

ನೋಡಲು ಚೆಂದದ ನೀರು. ಮೀನಿಗೆ ಮಾತ್ರ ಬರಗಾಲ. ಬಲೆಗೆ ಬಿದ್ದ ಕಾಟ್ಲಾ ಎತ್ತಿ ನೋಡಿ. ತಲೆ ದೊಡ್ಡದಾಗಿ, ಬೆನ್ನು ಚಪ್ಪಟೆಯಾಗಿ, ಹೊಟ್ಟೆ ಒಳಗೆ ಸೇರಿದ್ದರೆ ಅದು ರೋಗವಲ್ಲ, ಹಸಿವು.

ಮೊದಲು ಮರಿಗಳ ಲೆಕ್ಕ ನೋಡಿ. ಕಾಟ್ಲಾ, ರೋಹು, ಮೃಗಾಲ್‌ನಂಥ ಗೆಂಡೆ ಜಾತಿಯ ಮೀನಿಗೆ ಹೆಕ್ಟೇರಿಗೆ 5,000ದಿಂದ 10,000 ಮರಿ ಅನ್ನುವುದು ವಾಡಿಕೆಯ ಲೆಕ್ಕ. 21 ಮೀಟರ್ ಉದ್ದ, 21 ಮೀಟರ್ ಅಗಲದ ಹೊಂಡಕ್ಕೆ ಇದು 220ರಿಂದ 440 ಮರಿ ಆಗುತ್ತದೆ. ಅದಕ್ಕೇ ಸಾವಿರ ಮರಿ ಸುರಿದಿದ್ದರೆ ಎಷ್ಟು ಪಾಚಿ ಬೆಳೆದರೂ ಸಾಲದು. ಇಲ್ಲಿ ಪರಿಹಾರ ಒಂದೇ: ಕೆಲವನ್ನು ಹಿಡಿದು ಕಡಿಮೆ ಮಾಡುವುದು.

ಮರಿಗಳ ಲೆಕ್ಕ ಸರಿ ಇದ್ದರೆ ಲೋಟಕ್ಕೆ ಬನ್ನಿ. ಚುಕ್ಕೆಗಳು ಕಿಕ್ಕಿರಿದಿದ್ದರೆ ಹುಳುಗಳು ಪಾಚಿಯನ್ನೆಲ್ಲ ಮೇದು ಮುಗಿಸಿವೆ ಅಂತ ಅರ್ಥ. ಒಂದು ವಾರ ಕಾಯಿರಿ. ಊಟ ಮುಗಿದ ಹುಳು ತಾನೇ ಕಡಿಮೆಯಾಗುತ್ತದೆ, ಪಾಚಿ ಮರಳುತ್ತದೆ. ಹುಳು ಸಾಯಲಿ ಅಂತ ಕೀಟನಾಶಕ ಹಾಕುವವರಿದ್ದಾರೆ. ಅದು ಕಾಟ್ಲಾದ ಊಟವನ್ನು ನಾವೇ ಕೊಂದಂತೆ, ಮೀನಿಗೂ ವಿಷ.

ತಳದಲ್ಲಿ ಕಳೆ ಇದೆಯೇ? ನೂಲಿನಂತೆ ಎಳೆಎಳೆಯಾದ ಪಾಚಿ ದಂಡೆಗೆ ಅಂಟಿದೆಯೇ? ಇವೂ ಹಸಿರೇ, ಆದರೆ ಕಾಟ್ಲಾ, ರೋಹುಗಳಿಗೆ ಸುಲಭಕ್ಕೆ ದಕ್ಕದ ಹಸಿರು. ನೀರಿನ ಗೊಬ್ಬರವನ್ನು ಅವು ಹೀರಿಕೊಂಡರೆ ತೇಲುಪಾಚಿಗೆ ಏನೂ ಉಳಿಯುವುದಿಲ್ಲ. ಕುಂಟೆಯಿಂದಲೋ ಹಳೆ ಬಲೆಯಿಂದಲೋ ಎಳೆದು ತೆಗೆಯಿರಿ. ತೆಗೆದದ್ದನ್ನು ದಂಡೆಯ ಮೇಲೆ ಬಿಡಬೇಡಿ, ತಿಪ್ಪೆಗೆ ಹಾಕಿ.

ಇಷ್ಟೆಲ್ಲ ಸರಿ ಇದ್ದರೂ ನೀರು ತಿಳಿಯಾಗಿಯೇ ಇದ್ದರೆ ಗೊಬ್ಬರದ ಕೊರತೆ. ಪ್ಲಾಸ್ಟಿಕ್ ಹಾಸಿದ ಹೊಂಡದಲ್ಲಿ ಇದು ಬಹಳ ಸಾಮಾನ್ಯ. ಮಣ್ಣಿನ ಕೆರೆಯಲ್ಲಿ ತಳದ ಕೆಸರು ಸ್ವಲ್ಪಸ್ವಲ್ಪವಾಗಿ ಸಾರ ಬಿಡುತ್ತಿರುತ್ತದೆ. ಪ್ಲಾಸ್ಟಿಕ್ಕಿನ ಮೇಲಿನ ನೀರಿಗೆ ಮಣ್ಣಿನ ಸಂಪರ್ಕವೇ ಇಲ್ಲ.

ಹಸಿ ಸಗಣಿ ಹೆಕ್ಟೇರಿಗೆ ವರ್ಷಕ್ಕೆ 10 ಟನ್ ಆಸುಪಾಸು ಅನ್ನುವುದು ರೂಢಿಯ ಪ್ರಮಾಣ. ಶುರುವಿಗೆ 2 ಟನ್, ಉಳಿದದ್ದು ತಿಂಗಳ ಕಂತಿನಲ್ಲಿ. ನಮ್ಮ 21 ಮೀಟರಿನ ಹೊಂಡಕ್ಕೆ ಮೊದಲ ಸಲ 90 ಕಿಲೋ, ಆಮೇಲೆ ತಿಂಗಳಿಗೆ 30 ಕಿಲೋ ಚಿಲ್ಲರೆ ಆಯಿತು. ಒಮ್ಮೆಲೇ ಬುಟ್ಟಿಗಟ್ಟಲೆ ಸುರಿಯಬೇಡಿ. ಗೋಣಿಚೀಲಕ್ಕೆ ತುಂಬಿ ಬಾಯಿ ಕಟ್ಟಿ ಮೂಲೆಗಳಲ್ಲಿ ಅರ್ಧ ಮುಳುಗುವಂತೆ ಕಟ್ಟಿ. ನೀರು ಹಸಿರಾದರೆ ಚೀಲವನ್ನು ಮೇಲೆ ಎಳೆದುಕೊಳ್ಳಬಹುದು. ಕರಗಿ ಹೋದ ಸಗಣಿಯನ್ನು ವಾಪಸ್ ತೆಗೆಯಲಾಗುವುದಿಲ್ಲ ಅಲ್ವಾ? ಬಿಸಿಲಿದ್ದರೆ ಒಂದು ವಾರದ ಆಚೀಚೆ ಬಣ್ಣ ತಿರುಗುತ್ತದೆ. ಮೋಡ ಕವಿದ ವಾರದಲ್ಲಿ ಸಗಣಿ ಹಾಕುವ ಕೆಲಸಕ್ಕೇ ಹೋಗಬೇಡಿ. ಬಿಸಿಲಿಲ್ಲದೆ ಪಾಚಿ ಬೆಳೆಯುವುದಿಲ್ಲ, ಸಗಣಿ ಕೊಳೆತು ನೀರಿನ ಆಮ್ಲಜನಕ ತಿನ್ನುತ್ತದೆ.

ಸಗಣಿ ಹಾಕಿಯೂ ಹಸಿರಾಗದಿದ್ದರೆ ರಂಜಕದ ಕಡೆ ನೋಡಿ. ಎರೆ ಭೂಮಿಯ ನೀರು, ಗಡಸು ಬೋರಿನ ನೀರು ಸಾಮಾನ್ಯವಾಗಿ ಕ್ಷಾರದ ಕಡೆ ಇರುತ್ತದೆ. ಇಂಥ ನೀರಿನಲ್ಲಿ ಸುಣ್ಣದ ಅಂಶ ರಂಜಕವನ್ನು ಹಿಡಿದುಕೊಂಡು ತಳಕ್ಕೆ ಕೂರಿಸುತ್ತದೆ. ಸೂಪರ್ ಫಾಸ್ಫೇಟ್ ಹರಳನ್ನು ಹಾಗೇ ಎರಚಿದರೆ ಅದು ತಳ ಸೇರಿ ಮುಗಿಯಿತು. ಒಂದು ರಾತ್ರಿ ಬಕೆಟ್ಟಿನಲ್ಲಿ ನೆನೆಸಿ, ಚೆನ್ನಾಗಿ ಕಲಕಿ, ಆ ನೀರನ್ನು ಮೇಲ್ಮೈಗೆ ಚಿಮುಕಿಸಿ. ಈ ಅಳತೆಯ ಹೊಂಡಕ್ಕೆ ತಿಂಗಳಿಗೆ ಒಂದು ಕಿಲೋ ಸಾಕು. ಮೀನು ಸಾಕಣೆ ಅಂದ ತಕ್ಷಣ ಸುಣ್ಣ ಹಾಕಿ ಅನ್ನುವ ಸಲಹೆ ಎಲ್ಲರ ಬಾಯಲ್ಲೂ ಇದೆ. ಮಸಾರಿ ಅಥವಾ ಹುಳಿ ಮಣ್ಣಿನ ಕೆರೆಗೆ ಅದು ಸರಿ. ನಮ್ಮ ಎರೆ ಕಡೆ ಪಿಎಚ್ (ನೀರಿನ ಹುಳಿ, ಕ್ಷಾರದ ಅಳತೆ) ನೋಡದೆ ಸುಣ್ಣ ಹಾಕಬೇಡಿ. 7ರಿಂದ 8.5ರ ಒಳಗಿದ್ದರೆ ಸುಮ್ಮನಿರಿ.

ಇದೆಲ್ಲ ನಡೆಯುವಾಗ ಮೀನು ಉಪವಾಸ ಬೀಳದಿರಲಿ. ಶೇಂಗಾ ಹಿಂಡಿ ಮತ್ತು ಅಕ್ಕಿ ತೌಡು ಸಮಪಾಲು ನೆನೆಸಿ ಉಂಡೆ ಮಾಡಿ, ಬುಟ್ಟಿಯಲ್ಲಿಟ್ಟು ಇಳಿಬಿಡಿ. ಬುಟ್ಟಿಯಲ್ಲಿ ಉಳಿದರೆ ಮರುದಿನ ಕಡಿಮೆ ಮಾಡಿ.

ಲಕ್ಷಣ: ಬೆಳಗಿನ ಜಾವ ಮೀನು ಬಾಯಿ ಮೇಲೆ ಮಾಡಿ ಗಾಳಿ ನುಂಗುತ್ತವೆ

ಹಗಲು ಪಾಚಿ ಆಮ್ಲಜನಕ ಮಾಡುತ್ತದೆ. ರಾತ್ರಿ ಪಾಚಿ, ಹುಳು, ಮೀನು, ತಳದ ಕೊಳೆ ಎಲ್ಲವೂ ಅದನ್ನು ಖರ್ಚು ಮಾಡುತ್ತವೆ. ಹಾಗಾಗಿ ಹೊತ್ತು ಹುಟ್ಟುವ ಮೊದಲು ಆಮ್ಲಜನಕ ಅತಿ ಕಡಿಮೆ. ಗೆಂಡೆ ಮೀನಿಗೆ ಲೀಟರಿಗೆ 5 ಮಿಲಿಗ್ರಾಂ ಇದ್ದರೆ ಆರಾಮ, 3ಕ್ಕಿಂತ ಕೆಳಗೆ ಹೋದರೆ ಸಂಕಟ.

ಇಲ್ಲಿ ದುಡ್ಡಿಲ್ಲದ ತಪಾಸಣೆ ಗಡಿಯಾರ. ಬಿಸಿಲೇರಿದ ಮೇಲೆ, ಎಂಟು ಒಂಬತ್ತರ ಹೊತ್ತಿಗೆ, ಮೀನು ತಾನಾಗಿ ಕೆಳಗೆ ಹೋದರೆ ಆಮ್ಲಜನಕದ ಕೊರತೆ. ಮಧ್ಯಾಹ್ನವೂ ಬಾಯಿ ತೆರೆದುಕೊಂಡೇ ಇದ್ದರೆ ಅಮೋನಿಯ, ಕಿವಿರಿನ ರೋಗ ಅಥವಾ ವಿಷ ಇರಬಹುದು. ಸತ್ತ ಮೀನನ್ನೂ ನೋಡಿ. ದೊಡ್ಡವೇ ಮೊದಲು ಸತ್ತಿದ್ದರೆ ಆಮ್ಲಜನಕದ ಕಡೆಗೇ ಬೆರಳು. ಸಣ್ಣ, ದೊಡ್ಡ ಎಲ್ಲ ಒಟ್ಟಿಗೆ, ಜೊತೆಗೆ ಕಪ್ಪೆಮರಿ, ನೀರಿನ ಹುಳು ಕೂಡ ಸತ್ತಿದ್ದರೆ ವಿಷದ ಅನುಮಾನ ಪಡಿ.

ತಕ್ಷಣ ಮಾಡುವುದು ಇಷ್ಟು. ಹಿಂಡಿ, ತೌಡು, ಸಗಣಿ ನಿಲ್ಲಿಸಿ. ಬಲೆ ಎಳೆಯಬೇಡಿ, ತಳದ ಕೆಸರು ಕಲಕಿದರೆ ಇದ್ದಬದ್ದ ಆಮ್ಲಜನಕವೂ ಹೋಗುತ್ತದೆ. ಪಂಪಿನಿಂದ ಹೊಂಡದ ಮೇಲ್ಭಾಗದ ನೀರನ್ನೇ ಎತ್ತಿ, ಎತ್ತರದಿಂದ ಹಲಗೆಯ ಮೇಲೆ ಚಿಮ್ಮುವಂತೆ ವಾಪಸ್ ಬಿಡಿ. ಬೋರಿನ ನೀರು ಬಿಟ್ಟರೆ ಸಾಕು ಅಂದುಕೊಳ್ಳಬೇಡಿ. ನೆಲದಾಳದ ನೀರಿನಲ್ಲಿ ಆಮ್ಲಜನಕ ಬಹಳ ಸಲ ಕಡಿಮೆಯೇ ಇರುತ್ತದೆ. ಅದೂ ಎತ್ತರದಿಂದ ಬಿದ್ದು ಒಡೆದು ಹರಡಬೇಕು. ನಮ್ಮ ಕಡೆ ತ್ರೀಫೇಸ್ ಕರೆಂಟ್ ಯಾವ ಹೊತ್ತಿಗೆ ಬರುತ್ತದೆಂದು ಯಾರೂ ಭರವಸೆ ಕೊಡಲಾರರು. ಅಕ್ಕಪಕ್ಕದ ಹೊಲದವರ ಡೀಸೆಲ್ ಎಂಜಿನ್ ಯಾರ ಮನೆಯಲ್ಲಿದೆ ಎಂದು ಮೊದಲೇ ತಿಳಿದಿಟ್ಟುಕೊಳ್ಳಿ.

ಮೊಳಕೈ ತಪಾಸಣೆಯಲ್ಲಿ ಅಂಗೈ ಬೇಗನೆ ಮಾಯವಾಗಿದ್ದರೆ ಪಾಚಿ ವಿಪರೀತವಾಗಿ ರಾತ್ರಿ ಉಸಿರಾಟವೇ ಜಾಸ್ತಿ ಆಗಿದೆ. ಹದಿನೈದು ದಿನ ಗೊಬ್ಬರ ಬಂದ್ ಮಾಡಿ, ಸ್ವಲ್ಪ ಸ್ವಲ್ಪ ನೀರು ಬದಲಿಸಿ. ಅಂಗೈ ಚೆನ್ನಾಗಿ ಕಂಡರೆ, ಅದಕ್ಕೂ ಹಿಂದಿನ ವಾರ ನೀರು ಹಸಿರಾಗಿದ್ದರೆ, ಮುಂದಿನ ಲಕ್ಷಣ ನಿಮ್ಮದೇ.

ಲಕ್ಷಣ: ನಿನ್ನೆ ಹಸಿರಿದ್ದ ನೀರು ಇವತ್ತು ಕಂದು ಅಥವಾ ತಿಳಿ

ಇದು ಪಾಚಿ ಒಮ್ಮೆಲೇ ಸತ್ತ ಗುರುತು. ಹೊಂಡದಲ್ಲಿ ಆಗುವ ದೋಷಗಳಲ್ಲಿ ಅತ್ಯಂತ ವೇಗದ್ದು ಇದೇ. ನೀರಿನ ಮೇಲೆ ನೊರೆ, ಬೂದಿ ಬಣ್ಣದ ಚೂರುಗಳು, ಕೆಟ್ಟ ವಾಸನೆ ಬರುತ್ತವೆ. ಮೀನು ಹಿಂಡಿ ಮುಟ್ಟುವುದಿಲ್ಲ.

ಒಂದೇ ಏಟಿಗೆ ಮೂರು ಕಡೆ ಪೆಟ್ಟು ಬೀಳುತ್ತದೆ. ಆಮ್ಲಜನಕ ಮಾಡುವವರು ಇಲ್ಲವಾದರು. ಸತ್ತ ಪಾಚಿ ಕೊಳೆಯಲು ಉಳಿದ ಆಮ್ಲಜನಕ ಖರ್ಚಾಯಿತು. ಮೀನಿನ ಹೊಲಸಿನಿಂದ ಬರುವ ಅಮೋನಿಯವನ್ನು ಇಷ್ಟು ದಿನ ಗೊಬ್ಬರದಂತೆ ಹೀರಿಕೊಳ್ಳುತ್ತಿದ್ದದ್ದು ಪಾಚಿಯೇ. ಈಗ ಅದು ನೀರಿನಲ್ಲೇ ಉಳಿಯಿತು. ಹುಳುಗಳಿಗೆ ಊಟ ಹೋದದ್ದು ನಾಲ್ಕನೆಯದು, ಅದರ ಫಲ ಮಾತ್ರ ನಿಧಾನಕ್ಕೆ ಕಾಣುತ್ತದೆ.

ಕಾರಣ ಹುಡುಕಲು ಹಿಂದಿನ ನಾಲ್ಕೈದು ದಿನ ನೆನಪಿಸಿಕೊಳ್ಳಿ. ಕಲಘಟಗಿ, ಹಾನಗಲ್ ಕಡೆ ಶ್ರಾವಣದಲ್ಲಿ ಬಿಸಿಲು ಕಾಣದ ಜಿಟಿಜಿಟಿ ಮಳೆ ಹಿಡಿದಿತ್ತೇ? ಪಾಚಿ ಮೊದಲೇ ಅತಿಯಾಗಿ, ಒಂದರ ನೆರಳು ಇನ್ನೊಂದರ ಮೇಲೆ ಬೀಳುವಷ್ಟು ದಟ್ಟವಾಗಿತ್ತೇ? ಪಾಚಿ ಕೊಲ್ಲಲೆಂದು ಯಾರಾದರೂ ಮೈಲುತುತ್ತ ಹಾಕಿದರೇ? ದಟ್ಟ ಹಸಿರು ನೀರಿಗೆ ಮೈಲುತುತ್ತ ಹಾಕುವುದು ಈ ದೋಷವನ್ನು ಕೈಯಾರೆ ತಂದುಕೊಂಡಂತೆ.

ಆ ರಾತ್ರಿ ನಿದ್ದೆ ಬಿಡಬೇಕಾಗುತ್ತದೆ. ಸಂಜೆಯಿಂದಲೇ ಪಂಪ್ ಓಡಿಸಿ, ಬೆಳಗಾಗುವವರೆಗೆ ನಿಲ್ಲಿಸಬೇಡಿ. ಊಟ ಹಾಕಬೇಡಿ. ಒಳ್ಳೆಯ ನೀರು ಸಿಕ್ಕರೆ ಸ್ವಲ್ಪ ನೀರು ಹೊರಗೆ ಬಿಟ್ಟು ತುಂಬಿಸಿ. ಬಿಸಿಲು ಬಂದರೆ ವಾರದಲ್ಲಿ ಹೊಸ ಪಾಚಿ ಏಳಲು ಶುರುವಾಗುತ್ತದೆ. ಪಕ್ಕದ ಆರೋಗ್ಯವಂತ ಹೊಂಡದಿಂದ ಕೆಲವು ಕೊಡ ಹಸಿರು ನೀರು ತಂದು ಸುರಿದರೆ ಇನ್ನೂ ಬೇಗ. ಮೀನು ಎರಡನೇ ರಾತ್ರಿಯೂ ಸಾಯುತ್ತಿದ್ದರೆ ಮಾರುವ ಗಾತ್ರದವನ್ನು ಹಿಡಿದು ಮಾರಿಬಿಡುವುದೇ ಜಾಣತನ.

ಲಕ್ಷಣ: ಹೊಲಕ್ಕೆ ಸಿಂಪಡಿಸಿ ಮಳೆ ಬಂದ ಮೇಲೆ ಶುರುವಾದ ತೊಂದರೆ

ಹಾವೇರಿ ಜಿಲ್ಲೆಯಲ್ಲಿ ಗೋವಿನಜೋಳ ಹಾಕುವವರು ಇದನ್ನು ಎರಡು ಸಲ ಓದಿ. ಬಿತ್ತಿದ ಮೇಲೆ ಕಳೆ ಬಾರದಂತೆ ಹೊಡೆಯುವ ಅಟ್ರಾಜಿನ್ ಕೆಲಸ ಮಾಡುವುದು ಎಲೆಯ ಆಹಾರ ತಯಾರಿಕೆಯನ್ನೇ ತಡೆದು. ಕಳೆ ಯಾವುದು, ಪಾಚಿ ಯಾವುದು ಅಂತ ಅದಕ್ಕೆ ಗೊತ್ತಿಲ್ಲ. ಹೊಡೆದ ಮರುದಿನ ಜೋರು ಮಳೆ ಬಂದು ಹರಿನೀರು ಹೊಂಡಕ್ಕೆ ಇಳಿದರೆ ಪಾಚಿಯ ಕೆಲಸ ನಿಲ್ಲುತ್ತದೆ. ಮೀನಿಗೆ ನೇರ ವಿಷವಾಗುವಷ್ಟು ಔಷಧ ಬಂದಿರಬೇಕೆಂದಿಲ್ಲ. ಆಮ್ಲಜನಕ ಇಳಿಯುತ್ತದೆ, ಊಟ ಕರಗುತ್ತದೆ. ರೈತ ಮಾತ್ರ "ಮೀನಿಗೆ ಏನೂ ಆಗದ ಔಷಧ ಅಂದಿದ್ರು" ಅನ್ನುತ್ತಿರುತ್ತಾನೆ.

ಮೆಣಸಿನಕಾಯಿ, ಹತ್ತಿಗೆ ಹೊಡೆಯುವ ಕೀಟನಾಶಕದ ದಾರಿ ಬೇರೆ. ಅದು ಮೊದಲು ನೀರಿನ ಹುಳುಗಳನ್ನು ಕೊಲ್ಲುತ್ತದೆ. ಪಾಚಿಯನ್ನು ಮೇಯುವವರು ಇಲ್ಲದೆ ನೀರು ಇನ್ನಷ್ಟು ಹಸಿರಾಗುತ್ತದೆ, ಕಾಟ್ಲಾ ಮಾತ್ರ ಸೊರಗುತ್ತದೆ. ಲೋಟದಲ್ಲಿ ಹಸಿರಿದೆ, ಚುಕ್ಕೆ ಇಲ್ಲ ಅಂದೆನಲ್ಲ, ಆ ಗುರುತು ಇಲ್ಲಿ ಕೆಲಸಕ್ಕೆ ಬರುತ್ತದೆ. ಪೈರೆಥ್ರಾಯ್ಡ್ ಗುಂಪಿನ ಔಷಧವಾದರೆ ಮೀನೂ ಸಾಯುತ್ತದೆ.

ಹರಿನೀರು ಬರುವ ಕಾಲುವೆಯನ್ನು ಮಣ್ಣು ಹಾಕಿ ಮುಚ್ಚಿ, ಮುಂದಿನ ಮಳೆಯ ನೀರು ಬೇರೆ ಕಡೆ ಹೋಗಲಿ. ಯಾವ ಔಷಧ, ಯಾವ ದಿನ ಹೊಡೆದದ್ದು ಅಂತ ಡಬ್ಬಿಯ ಫೋಟೊ ಸಮೇತ ಇಟ್ಟುಕೊಳ್ಳಿ. ವಿಷದ ಅನುಮಾನ ಇದ್ದಲ್ಲಿ ಸತ್ತ ಮೀನನ್ನು ತಿನ್ನಬೇಡಿ, ಮಾರಬೇಡಿ, ನಾಯಿ ಕೋಳಿಗೂ ಹಾಕಬೇಡಿ. ಆಳವಾದ ಗುಂಡಿಯಲ್ಲಿ ಹೂಳಿ. ಆ ನೀರನ್ನು ದನಕ್ಕೂ ಕುಡಿಸಬೇಡಿ. ಇಲ್ಲಿಗೆ ಮನೆಮದ್ದು ಸಾಕು, ಫೋನು ಎತ್ತಿ.

ಲಕ್ಷಣ: ಮಳೆಯಾಗಿ ವಾರ ಕಳೆದರೂ ನೀರು ರಾಡಿಯೇ

ಎರೆ ಮಣ್ಣಿನ ಕಣ ಬಹಳ ನುಣುಪು. ಅದು ನೀರಿನಲ್ಲಿ ತೇಲುತ್ತಲೇ ಇರುತ್ತದೆ. ಬೆಳಕು ಒಂದು ಗೇಣೂ ಇಳಿಯದಿದ್ದರೆ ಗೊಬ್ಬರ ಎಷ್ಟಿದ್ದರೂ ಪಾಚಿ ಬೆಳೆಯುವುದಿಲ್ಲ. ನವಲಗುಂದ, ಅಣ್ಣಿಗೇರಿ ಭಾಗದ ಹೊಂಡಗಳಲ್ಲಿ ಹಸಿರು ಇಲ್ಲವೆಂದು ಮೇಲೆ ಮೇಲೆ ಗೊಬ್ಬರ ಹಾಕುವ ಮೊದಲು ಇದನ್ನು ನೋಡಲೇಬೇಕು.

ಒಂದು ಬಾಟಲಿ ನೀರು ತುಂಬಿ ರಾತ್ರಿಯಿಡೀ ಇಡಿ. ಬೆಳಿಗ್ಗೆ ತಿಳಿಯಾದರೆ ಅದು ದಪ್ಪ ಮಣ್ಣು, ಹೊಂಡದಲ್ಲೂ ತಾನೇ ಕೂರುತ್ತದೆ. ಹಾಗೇ ಇದ್ದರೆ ಜಿಪ್ಸಮ್ ಪರೀಕ್ಷೆ ಮಾಡಿ. ಮೂರು ಬಕೆಟ್ಟುಗಳಲ್ಲಿ ತಲಾ 10 ಲೀಟರ್ ರಾಡಿ ನೀರು ತುಂಬಿ, 1 ಗ್ರಾಂ, 2 ಗ್ರಾಂ, 3 ಗ್ರಾಂ ಜಿಪ್ಸಮ್ ಕಲಸಿ ಬಿಡಿ. ಮರುದಿನ ಯಾವುದು ತಿಳಿಯಾಗಿದೆಯೋ ಅದರಲ್ಲಿ ಅತಿ ಕಡಿಮೆಯದನ್ನು ಆರಿಸಿ. 1 ಗ್ರಾಂ ಸಾಕಾದರೆ 10,000 ಲೀಟರಿಗೆ 1 ಕಿಲೋ, ಅಂದರೆ 5 ಲಕ್ಷ ಲೀಟರಿನ ಹೊಂಡಕ್ಕೆ 50 ಕಿಲೋ. ಪಟಕವೂ ಮಣ್ಣು ಕೂರಿಸುತ್ತದೆ, ಇನ್ನೂ ಬೇಗ ಕೂರಿಸುತ್ತದೆ. ಆದರೆ ಅದು ನೀರನ್ನು ಹುಳಿ ಮಾಡುತ್ತದೆ, ಪಿಎಚ್ ಅಳೆಯದೆ ಹಾಕಬಾರದು. ಖಾಯಂ ಪರಿಹಾರ ಒಡ್ಡಿನ ಮೇಲೆ ಹುಲ್ಲು ಮತ್ತು ಹೊಂಡಕ್ಕೆ ಮೊದಲು ಒಂದು ಹೂಳುಗುಂಡಿ.

ಲಕ್ಷಣ: ನೀರಿನ ಮೇಲೆ ಬಣ್ಣ ಬಳಿದಂಥ ಪದರ

ಒಂದು ಕಡ್ಡಿ ಅದ್ದಿ ಎತ್ತಿ. ನೂಲಿನಂತೆ ಜೋತರೆ ಎಳೆಪಾಚಿ. ಪೇಂಟಿನಂತೆ ಕಡ್ಡಿಗೆ ಮೆತ್ತಿದರೆ ನೀಲಿಹಸಿರು ಪಾಚಿ ಇರಬಹುದು. ಎರಡನೆಯದಕ್ಕೆ ಎಚ್ಚರ. ಬಾಟಲಿಯಲ್ಲಿ ಇಟ್ಟರೆ ಅದು ತಳಕ್ಕೆ ಕೂರದೆ ಮೇಲೆ ಬಂದು ಕೆನೆಗಟ್ಟುತ್ತದೆ. ಮೈಕ್ರೋಸಿಸ್ಟಿಸ್‌ನಂಥ ಕೆಲವು ಜಾತಿ ವಿಷ ಬಿಡುತ್ತವೆ, ದನಕರು ಕುಡಿದರೆ ಸಾಯಬಹುದು. ಸಣ್ಣ ಹುಳುಗಳಿಗೂ ಅದು ಒಳ್ಳೆಯ ಊಟವಲ್ಲ. ಹಸಿರು ಕಡಿಮೆಯಾಗಿಲ್ಲ, ಜಾತಿ ಬದಲಾಗಿದೆ. ಮೇಲಿನವರಿಗೆ ಎರಡೂ ಒಂದೇ. ಗಾಳಿ ಬೀಸುವ ದಿಕ್ಕಿನ ದಂಡೆಗೆ ಪದರ ಬಂದು ಸೇರಿದಾಗ ಹಳೆ ಸೀರೆಯಿಂದ ಬಳಿದು ತೆಗೆಯಿರಿ, ಕೈಗೆ ಗ್ಲೌಸ್ ಇರಲಿ. ಗೊಬ್ಬರ ನಿಲ್ಲಿಸಿ.

ಮಧ್ಯಾಹ್ನ ಇಟ್ಟಿಗೆ ಕೆಂಪು, ಬೆಳಿಗ್ಗೆ ಹಸಿರು ಆಗುವ ಪದರ ಯೂಗ್ಲೀನಾ. ಗೊಬ್ಬರ ಅತಿಯಾದ ಹೊಂಡದಲ್ಲಿ ಬರುತ್ತದೆ. ಅದಕ್ಕೂ ಚಿಕಿತ್ಸೆ ಇದೇ.

ಲಕ್ಷಣ: ಅಂತರಗಂಗೆ ಹಬ್ಬಿ ನೀರೇ ಕಾಣುತ್ತಿಲ್ಲ

ಹುಬ್ಬಳ್ಳಿಯ ಉಣಕಲ್ ಕೆರೆಯ ಮೇಲೆ ಕಳೆ ಹಬ್ಬಿದ್ದನ್ನು ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ. ಮೇಲೆಲ್ಲ ಹಸಿರು, ಕೆಳಗೆ ಕತ್ತಲು. ತೇಲುಪಾಚಿ ಬೆಳಕಿಲ್ಲದೆ ಹೋಗುತ್ತದೆ, ಅದರ ಹಿಂದೆ ಹುಳು, ಅದರ ಹಿಂದೆ ಮೀನು. ಮಿಂಚುಳ್ಳಿ ಬಂದು ಕೂರುವುದನ್ನು ಬಿಟ್ಟಿದ್ದರೆ ಅದೂ ಒಂದು ಲಕ್ಷಣವೇ. ಕೈಯಿಂದ ತೆಗೆಯಿರಿ, ದಿನಕ್ಕಿಷ್ಟು ಅಂತ. ಕಳೆನಾಶಕ ಹೊಡೆದು ಇಡೀ ಕಳೆಯನ್ನು ಒಮ್ಮೆಲೇ ಕೊಂದರೆ ಅದು ಅಲ್ಲೇ ಕೊಳೆತು ಮೀನು ಸಾಯುತ್ತದೆ.

ಲಕ್ಷಣ: ಹುಬ್ಬಳ್ಳಿ ಮಾರ್ಕೆಟ್ಟಿನಲ್ಲಿ ಬೂತಾಯಿ ಮೀನು ಕಾಣುತ್ತಿಲ್ಲ

ಇದು ಹೊಂಡದ ದೋಷವಲ್ಲ. ಆದರೆ ದೋಷದ ಕ್ರಮ ಒಂದೇ ಆದ್ದರಿಂದ ಇಲ್ಲಿ ಸೇರಿಸಿದ್ದೇನೆ. ಅಂಕೋಲಾ, ಯಲ್ಲಾಪುರದ ದಾರಿಯಲ್ಲಿ ಘಟ್ಟ ಹತ್ತಿ ಬರುವ ಮೀನು ಕಡಿಮೆಯಾದರೆ ಮೊದಲು ಕ್ಯಾಲೆಂಡರ್ ನೋಡಿ. ಜೂನ್ 1ರಿಂದ ಜುಲೈ 31ರವರೆಗೆ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳಿಗೆ ನಿಷೇಧ. ಆಗ ಇಲ್ಲದಿರುವುದು ದೋಷವೇ ಅಲ್ಲ.

ನಿಷೇಧ ಮುಗಿದು, ದೋಣಿ ಇಳಿದು, ಆಗಲೂ ಇಲ್ಲ ಅಂದರೆ ಬುಡ ನೋಡಬೇಕು. ಮುಂಗಾರಿನಲ್ಲಿ ನೈಋತ್ಯ ಕರಾವಳಿಯ ಬಳಿ ಆಳದ ತಣ್ಣನೆಯ ನೀರು ಮೇಲೆದ್ದು ಸಾರ ತರುತ್ತದೆ. ಅದರ ಮೇಲೆ ಡಯಾಟಮ್ ಎಂಬ ತೇಲುಪಾಚಿ ಸೊಕ್ಕಿ ಬೆಳೆಯುತ್ತದೆ. ಬೂತಾಯಿ ಮುಖ್ಯವಾಗಿ ಅದನ್ನೇ ತಿನ್ನುತ್ತದೆ. ಬಂಗಡೆ ಹುಳುಗಳ ಕಡೆ ಜಾಸ್ತಿ ವಾಲುತ್ತದೆ. ಅಂಜಲ್ ಬೂತಾಯಿಯನ್ನೇ ನುಂಗುತ್ತದೆ. ಡಯಾಟಮ್ ಕೈಕೊಟ್ಟರೆ ಪೆಟ್ಟು ಮೊದಲು ಕಾಣುವುದು ಬೂತಾಯಿಯಲ್ಲಿ. ಅಂಜಲ್‌ನಂಥ ದೊಡ್ಡ ಮೀನು ಬೇರೆ ಮೀನು ಹಿಡಿದು ಸ್ವಲ್ಪ ಕಾಲ ದೂಡುತ್ತದೆ, ಹಾಗಾಗಿ ಅದರಲ್ಲಿ ಗುರುತು ತಡವಾಗಿ ಬರುತ್ತದೆ.

ಬೂತಾಯಿ ಎಷ್ಟು ಏರುಪೇರಾಗುತ್ತದೆ ಅನ್ನುವುದಕ್ಕೆ ಕೇರಳದ ಲೆಕ್ಕ ಸಾಕು. 2012ರಲ್ಲಿ 4 ಲಕ್ಷ ಟನ್ ಹತ್ತಿರ ಸಿಕ್ಕಿದ್ದು 2021ರಲ್ಲಿ ಮೂರೂವರೆ ಸಾವಿರ ಟನ್ನೂ ದಾಟಲಿಲ್ಲ. ಇದಕ್ಕೆ ಪಾಚಿ ಒಂದೇ ಕಾರಣವಲ್ಲ. ಮರಿ ಮೀನು ಹಿಡಿದದ್ದು, ನೀರು ಬಿಸಿಯಾದದ್ದು, 2015-16ರ ಎಲ್ ನಿನೋ (ಪೆಸಿಫಿಕ್ ಸಾಗರದ ನೀರು ವಾಡಿಕೆಗಿಂತ ಬಿಸಿಯಾಗುವುದು) ಎಲ್ಲ ಸೇರಿದ್ದನ್ನು ತಜ್ಞರು ಹೇಳುತ್ತಾರೆ. ಪೆರು ದೇಶದ ಆಂಚೊವೆಟಾ ಮೀನು ಇನ್ನೂ ಹಳೆಯ ಉದಾಹರಣೆ. 1970ರಲ್ಲಿ 1.2 ಕೋಟಿ ಟನ್ ಆಸುಪಾಸು ಸಿಕ್ಕ ಮೀನು 1973ರ ಹೊತ್ತಿಗೆ 20 ಲಕ್ಷ ಟನ್ ಆಸುಪಾಸಿಗೆ ಇಳಿಯಿತು. ಅತಿಯಾಗಿ ಹಿಡಿದದ್ದರ ಮೇಲೆ ಎಲ್ ನಿನೋ ಬಂದು ಆಳದ ಸಾರ ಮೇಲೇಳುವುದು ನಿಂತಿತ್ತು. ಆ ಮೀನನ್ನೇ ನಂಬಿದ್ದ ಕಡಲ ಹಕ್ಕಿಗಳೂ ಗುಂಪುಗುಂಪಾಗಿ ಸತ್ತವು.

ಸಮುದ್ರದ ಹಸಿರನ್ನು ಅಳೆಯಲು ಮೊಳಕೈ ಸಾಲದು, ಉಪಗ್ರಹ ಬೇಕು. ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ ನೀರಿನ ಬಣ್ಣ ಮತ್ತು ಬಿಸಿ ನೋಡಿ ಮೀನು ಸಿಗುವ ಜಾಗದ ಸೂಚನೆ ಕೊಡುತ್ತದೆ. ಅಲ್ಲಿ ಸಗಣಿ ಚೀಲ ಕಟ್ಟಲು ಆಗುವುದಿಲ್ಲ. ನಮ್ಮ ಹೊಂಡದಲ್ಲಿ ಆ ಅನುಕೂಲ ಇದೆ.

ಎಲ್ಲಿಗೆ ನಿಲ್ಲಿಸಿ ಸಹಾಯ ಕೇಳಬೇಕು

ಎರಡು ರಾತ್ರಿ ಪಂಪ್ ಓಡಿಸಿದರೂ ಮೀನು ಸಾಯುವುದು ನಿಂತಿಲ್ಲ. ಮೈಮೇಲೆ ಹುಣ್ಣು, ಕಿವಿರು ಕಂದು ಬಣ್ಣ ಅಥವಾ ಕೊಳೆತಂತೆ ಇದೆ. ದನ ಕುಡಿದು ಸುಸ್ತಾಗಿದೆ. ಸಿಂಪಡಣೆಯ ಅನುಮಾನ ಇದೆ. ಇದರಲ್ಲಿ ಯಾವುದಿದ್ದರೂ ಅಂಗಡಿಯಿಂದ ಬಾಟಲಿ ತಂದು ಸುರಿಯುವ ಪ್ರಯೋಗ ಬೇಡ. ದನಕ್ಕೆ ಮೊದಲು ಪಶುವೈದ್ಯರನ್ನು ಕರೆಸಿ.

ಮೀನಿಗಾದರೆ ತಾಲೂಕಿನ ಮೀನುಗಾರಿಕೆ ಇಲಾಖೆ ಕಚೇರಿಗೆ ಹೋಗಿ. ಧಾರವಾಡದವರಿಗೆ ಸೈದಾಪುರ, ಗದಗಿನವರಿಗೆ ಹುಲಕೋಟಿ, ಹಾವೇರಿಯವರಿಗೆ ಹನುಮನಮಟ್ಟಿಯ ಕೃಷಿ ವಿಜ್ಞಾನ ಕೇಂದ್ರ ಇದೆ. ಹೋಗುವ ಮೊದಲು ಫೋನು ಮಾಡಿ, ಯಾವ ಪರೀಕ್ಷೆ ಅಲ್ಲಿ ಆಗುತ್ತದೆಂದು ಕೇಳಿಕೊಳ್ಳಿ.

ಬರಿಗೈಲಿ ಹೋಗಬೇಡಿ. ಬೆಳಗಿನ ಜಾವ, ಒಂದು ಮೊಳ ಆಳದಿಂದ, ಗಾಳಿಗುಳ್ಳೆ ಇಲ್ಲದಂತೆ ಬಾಯಿವರೆಗೆ ತುಂಬಿದ ಒಂದು ಲೀಟರ್ ನೀರು ಒಯ್ಯಿರಿ. ಔಷಧದ ಹಳೆ ಬಾಟಲಿ ಬಳಸಬೇಡಿ. ಆಮ್ಲಜನಕ ಮಾತ್ರ ದಾರಿಯಲ್ಲೇ ಬದಲಾಗುತ್ತದೆ, ಅದನ್ನು ಕಿಟ್ ತಂದು ಹೊಂಡದ ದಂಡೆಯಲ್ಲೇ ಅಳೆಯಬೇಕು. ಸಾಯುವ ಹಂತದಲ್ಲಿರುವ ಎರಡು ಮೀನನ್ನು ಹೊಂಡದ ನೀರಿನಲ್ಲೇ, ಚೀಲದಲ್ಲಿ ಗಾಳಿ ಉಳಿಸಿ ಕಟ್ಟಿಕೊಳ್ಳಿ. ಸತ್ತು ಊದಿದ ಮೀನಿನಿಂದ ಏನೂ ತಿಳಿಯುವುದಿಲ್ಲ. ಜೊತೆಗೆ ಚೀಟಿಯಲ್ಲಿ ಬರೆದುಕೊಳ್ಳಿ: ಹೊಂಡದ ಅಳತೆ, ಬಿಟ್ಟ ಮರಿ ಎಷ್ಟು, ಕೊನೆಯ ಸಲ ಏನು ಹಾಕಿದ್ದು, ಕಳೆದ ವಾರದ ಮೋಡ ಮಳೆ, ಮೊಳಕೈ ತಪಾಸಣೆಯಲ್ಲಿ ಅಂಗೈ ಎಲ್ಲಿ ಮಾಯವಾಯಿತು, ಲೋಟದಲ್ಲಿ ಚುಕ್ಕೆ ಇತ್ತೋ ಇಲ್ಲವೋ.